ನಾಯಿಗೆ ಉಣ್ಣೆ ಜ್ವರ: ದಿನಾ ಮೈ ತಡವುವುದರಿಂದ 28ನೇ ದಿನದ ಮಾತ್ರೆಯವರೆಗೆ

ನಾಯಿಯ ಕಿವಿಯಲ್ಲಿ ಒಂದು ಉಣ್ಣೆ ಕಂಡರೆ ಅದನ್ನು ಕಿತ್ತೆಸೆದು ಸುಮ್ಮನಾಗುವವರೇ ಹೆಚ್ಚು. ಮಲೆನಾಡಿನಲ್ಲಿ ಉಣುಗು, ಬೆಂಗಳೂರಿನಲ್ಲಿ ಟಿಕ್ ಎಂದು ಕರೆಸಿಕೊಳ್ಳುವ ಇದು ರಕ್ತ ಹೀರಿದ್ದರಿಂದ ಆಗುವ ನಷ್ಟ ಸಣ್ಣದು. ಹೀರುವಾಗ ಒಳಗೆ ಬಿಡುವ ರೋಗಾಣುವೇ ನಾಯಿಯ ಜೀವಕ್ಕೆ ಎರವಾಗುವುದು. ಬಿಳಿ ರಕ್ತಕಣದೊಳಗೆ ಬೆಳೆಯುವ ಎರ್ಲಿಕಿಯಾ ಒಂದು, ಕೆಂಪು ರಕ್ತಕಣಗಳನ್ನು ಒಡೆಯುವ ಬೆಬೀಸಿಯಾ ಇನ್ನೊಂದು. ಜನ ಎರಡನ್ನೂ ಉಣ್ಣೆ ಜ್ವರ, ಟಿಕ್ ಫೀವರ್ ಎಂದೇ ಕರೆದರೂ ಔಷಧ ಬೇರೆ ಬೇರೆ.

ಎರ್ಲಿಕಿಯಾ ದಾಟಲು ಉಣ್ಣೆ ಕಚ್ಚಿಕೊಂಡ ಮೇಲೆ ಕೆಲವೇ ಗಂಟೆ ಸಾಕು. ಹಾಗಾಗಿ ಭಾನುವಾರ ಸ್ನಾನ ಮಾಡಿಸುವಾಗ ನೋಡಿಕೊಳ್ಳೋಣ ಎಂದರೆ ಆಗುವುದಿಲ್ಲ. ದಿನಕ್ಕೊಮ್ಮೆ, ವಾಕಿಂಗ್ ಮುಗಿಸಿ ಬಂದ ಕೂಡಲೇ, ಬೆಳಕಿರುವ ಕಡೆ ಕೂರಿಸಿ ಕೂದಲಿನ ಎದುರುದಿಕ್ಕಿಗೆ ಬೆರಳಾಡಿಸಿ. ಕಣ್ಣಿಗಿಂತ ಬೆರಳಿಗೇ ಮೊದಲು ಸಿಗುತ್ತದೆ. ಕಿವಿಯ ಒಳಮಡಿಕೆ, ರೆಪ್ಪೆಯಂಚು, ಬೆಲ್ಟಿನ ಅಡಿ, ಕಂಕುಳು, ತೊಡೆಸಂದು, ಬಾಲದ ಬುಡ, ಎಲ್ಲಕ್ಕಿಂತ ಮುಖ್ಯವಾಗಿ ಕಾಲ್ಬೆರಳುಗಳ ಸಂದು. ಮರಿ ಉಣ್ಣೆ ರಾಗಿಕಾಳಿಗಿಂತ ದೊಡ್ಡದಿರುವುದಿಲ್ಲ. ರಕ್ತ ಕುಡಿದು ಉಬ್ಬಿದ ಹೆಣ್ಣು ಬೂದು ಬಣ್ಣಕ್ಕೆ ತಿರುಗಿ ಹರಳು ಬೀಜದಷ್ಟಾಗುತ್ತದೆ. ಕೀಳುವ ಮುನ್ನ ಬುಡದಲ್ಲಿ ಕಾಲುಗಳಿವೆಯೇ ನೋಡಿ. ಹೊಟ್ಟೆಯ ಮೊಲೆತೊಟ್ಟನ್ನೋ ನರುಳ್ಳೆಯನ್ನೋ ಉಣ್ಣೆಯೆಂದು ಕಿತ್ತು ಗಾಯ ಮಾಡುವವರಿದ್ದಾರೆ. ಗಂಡು ನಾಯಿಗೂ ಮೊಲೆತೊಟ್ಟುಗಳಿರುತ್ತವೆ ಎಂಬುದು ನೆನಪಿರಲಿ.

ಕೀಳಲು ಚೂಪು ತುದಿಯ ಚಿಮಟ ಬೇಕು. ಕೈಗೆ ಗ್ಲೌಸ್ ಹಾಕಿಕೊಂಡು, ಉಬ್ಬಿದ ಹೊಟ್ಟೆಯನ್ನು ಮುಟ್ಟದೆ, ಚರ್ಮಕ್ಕೆ ತಾಗಿದ ಬಾಯಿಯ ಭಾಗವನ್ನೇ ಹಿಡಿದು ತಿರುಚದೆ ನೇರವಾಗಿ, ಒಂದೇ ಸಮನೆ ಎಳೆಯಿರಿ. ಬಾಯಿಯ ತುಣುಕು ಒಳಗುಳಿದರೆ ಅಗೆಯಬೇಡಿ, ಸಣ್ಣ ಗಂಟಾಗಿ ತಾನೇ ಹೊರಬರುತ್ತದೆ. ಸೀಮೆಎಣ್ಣೆ ಹಾಕುವುದು, ಬೆಂಕಿಕಡ್ಡಿ ತಾಗಿಸುವುದು ಬೇಡವೇ ಬೇಡ: ಕೆರಳಿದ ಉಣ್ಣೆ ಹೊಟ್ಟೆಯಲ್ಲಿದ್ದುದನ್ನು ಗಾಯದೊಳಕ್ಕೇ ಕಕ್ಕಬಹುದು. ಕಿತ್ತದ್ದನ್ನು ಉಗುರಲ್ಲಿ ಒರೆಯದೆ ಸರ್ಜಿಕಲ್ ಸ್ಪಿರಿಟ್ ಇರುವ ಬಾಟಲಿಗೆ ಹಾಕಿ ಮುಚ್ಚಿ.

ಮಲೆನಾಡಿನವರಿಗೆ ಇಲ್ಲೊಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ಹರಡುವುದು ಬೇರೆ ಜಾತಿಯ ಕಾಡು ಉಣುಗು. ತರಗೆಲೆ ತರಲು ಹೋದವರ ಹಿಂದೆ ಕಾಡಿಗೆ ಹೋಗಿಬಂದ ನಾಯಿ ಅದನ್ನು ಮನೆಯೊಳಕ್ಕೆ ತರಬಹುದು. ಡಿಸೆಂಬರ್‌ನಿಂದ ಮೇ ತನಕ ಅಂಥ ನಾಯಿಯನ್ನು ಜಗುಲಿಗೆ ಬಿಡುವ ಮೊದಲೇ ಮೈ ನೋಡಿ, ಬರಿಗೈಯಲ್ಲಂತೂ ಕೀಳಬೇಡಿ. ಜನರು ಮೈಗೆ ಹಚ್ಚಿಕೊಳ್ಳಲೆಂದು ಆರೋಗ್ಯ ಇಲಾಖೆ ಕೊಡುವ ಎಣ್ಣೆಯನ್ನು ನಾಯಿಗೆ ಸವರಬೇಡಿ, ಅದು ನೆಕ್ಕಿ ನುಂಗುತ್ತದೆ.

ಎಷ್ಟು ಕಿತ್ತರೂ ಮತ್ತೆ ಬರುತ್ತವೆ ಎನ್ನುವ ಮನೆಗಳಲ್ಲಿ ಉಣ್ಣೆ ಇರುವುದು ಗೋಡೆಯಲ್ಲಿ. ನಾಯಿಗಳ ಕಂದು ಉಣ್ಣೆ ಮೊಟ್ಟೆಯಿಂದ ಹೊರಬಂದ ಮೇಲೆ ಮೂರು ಸಲ ರಕ್ತ ಕುಡಿಯುತ್ತದೆ, ಪ್ರತಿ ಸಲವೂ ಕೆಳಗುದುರಿ ಬಿರುಕು ಸೇರುತ್ತದೆ. ಕೊನೆಗೆ ಹೆಣ್ಣು ಗೋಡೆಯ ಸಂದಿನಲ್ಲಿ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಬಾಗಿಲ ಚೌಕಟ್ಟಿನ ಹಿಂದೆ, ಮಂಚದ ಕೀಲಿನಲ್ಲಿ, ನಾಯಿಗೂಡಿನ ಮೂಲೆಯಲ್ಲಿ ಟಾರ್ಚ್ ಬಿಟ್ಟು ನೋಡಿ. ಬಿರುಕುಗಳಿಗೆ ಸಿಮೆಂಟ್ ತುಂಬಿ, ಹಾಸುಬಟ್ಟೆಯನ್ನು ಕುದಿನೀರಿನಲ್ಲಿ ಅದ್ದಿ ಒಗೆಯಿರಿ. ಕೀಟನಾಶಕ ಸಿಂಪಡಿಸುವುದಾದರೆ ನಾಯಿ, ಬೆಕ್ಕು, ಮಕ್ಕಳನ್ನು ಹೊರಗಿಟ್ಟು, ನೆಲ ಪೂರ್ತಿ ಒಣಗಿದ ಮೇಲೆ ಬಿಡಿ. ಮೊಟ್ಟೆಗಳು ಅದಕ್ಕೆ ಜಗ್ಗದ ಕಾರಣ ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಸಿಂಪಡಿಸಲೇಬೇಕು.

ನಾಯಿಗೆ ಹಾಕುವ ಔಷಧಗಳಲ್ಲಿ ಫಿಪ್ರೊನಿಲ್ ಹನಿ ಅಗ್ಗ. 2ರಿಂದ 10 ಕೆಜಿ ತೂಕದ ನಾಯಿಗೆ 0.67 ಎಂಎಲ್, 20 ಕೆಜಿವರೆಗೆ 1.34, 40 ಕೆಜಿವರೆಗೆ 2.68 ಎಂಎಲ್ ಟ್ಯೂಬುಗಳು ಸಿಗುತ್ತವೆ. ಭುಜಗಳ ನಡುವೆ ಕೂದಲು ಬಿಡಿಸಿ ಚರ್ಮದ ಮೇಲೆ ಬಿಡಬೇಕು. ಕೂದಲ ಮೇಲೆ ಸುರಿದರೆ ದುಡ್ಡು ದಂಡ. ಹಿಂದೆ ಎರಡು ದಿನ, ಮುಂದೆ ಎರಡು ದಿನ ಸ್ನಾನ ಬೇಡ. ನುಂಗಿಸುವ ಮಾತ್ರೆಗಳಲ್ಲಿ ಅಫಾಕ್ಸೊಲಾನರ್ ತಿಂಗಳಿಗೊಮ್ಮೆ, ಫ್ಲೂರಾಲಾನರ್ ಹನ್ನೆರಡು ವಾರಕ್ಕೊಮ್ಮೆ. ಇವು ಕಚ್ಚಿದ ಉಣ್ಣೆಯನ್ನು ಕೊಲ್ಲುತ್ತವೆ, ಕಚ್ಚದಂತೆ ತಡೆಯುವುದಿಲ್ಲ, ಆದ್ದರಿಂದ ಮೈ ತಡವುವುದು ತಪ್ಪದು. ಫಿಟ್ಸ್ ಬರುವ ನಾಯಿಗೆ ವೈದ್ಯರನ್ನು ಕೇಳದೆ ಈ ಮಾತ್ರೆ ಕೊಡಬೇಡಿ. ದನಗಳ ಉಣ್ಣೆಗೆಂದು ತಂದ ಔಷಧವನ್ನು ಅಂದಾಜಿನಲ್ಲಿ ಕಲಸಿ ನಾಯಿಗೂ ಹಚ್ಚುವುದು ಹಳ್ಳಿಗಳಲ್ಲಿ ಉಂಟು. ಪ್ರಮಾಣ ತಪ್ಪಿದರೆ ಅದು ವಿಷ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆತ್ರಿನ್ ಇರುವ ಯಾವುದನ್ನೂ ನಾಯಿಗೆ ಹಾಕಬೇಡಿ, ಬೆಕ್ಕು ಸತ್ತೇಹೋಗಬಹುದು.

ಇಷ್ಟಾದರೂ ಜ್ವರ ಬರಬಹುದು. ಕಚ್ಚಿದ ಒಂದರಿಂದ ಮೂರು ವಾರದಲ್ಲಿ ನಾಯಿ ಮಂಕಾಗುತ್ತದೆ, ಮೆಚ್ಚಿನ ತಿಂಡಿಯನ್ನೂ ಮೂಸಿ ಬಿಡುತ್ತದೆ. ಮೂಗು ಮುಟ್ಟಿ ಜ್ವರ ಹೇಳಬೇಡಿ. ಡಿಜಿಟಲ್ ಥರ್ಮಾಮೀಟರಿಗೆ ವ್ಯಾಸಲಿನ್ ಸವರಿ ಗುದದಲ್ಲಿ ಒಂದು ಇಂಚಿನಷ್ಟು ಒಳಗಿಟ್ಟು ನೋಡಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ, 103 ದಾಟಿದರೆ ಆಸ್ಪತ್ರೆಗೆ ಹೊರಡಿ. ತುಟಿ ಎತ್ತಿ ವಸಡು ನೋಡಿ: ಗುಲಾಬಿ ಹೋಗಿ ಬೆಳ್ಳಗಾಗಿದ್ದರೆ, ಹೊಟ್ಟೆಯ ಚರ್ಮದಲ್ಲಿ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆಗಳಿದ್ದರೆ, ಮೂಗಿನಿಂದ ರಕ್ತ ಬಂದರೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕಿದ್ದರೆ ಬೆಳಗಾಗುವವರೆಗೂ ಕಾಯಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೇನ್‌ನಂಥ ಮನುಷ್ಯರ ಮಾತ್ರೆ ಕೊಡಲೇಬೇಡಿ. ಒಂದು ಯಕೃತ್ತನ್ನೂ ರಕ್ತವನ್ನೂ ಕೆಡಿಸುತ್ತದೆ, ಇನ್ನೊಂದು ಹೊಟ್ಟೆ, ಕಿಡ್ನಿಗಳನ್ನು.

ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಎಷ್ಟಿದೆ, ಬೆಬೀಸಿಯಾ ಇದೆಯೇ ಎಂದು ಕೇಳಿ ತಿಳಿಯಿರಿ. ಆರೋಗ್ಯವಂತ ನಾಯಿಗೆ ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಎರಡರಿಂದ ಐದು ಲಕ್ಷ ಪ್ಲೇಟ್‌ಲೆಟ್ ಇರುತ್ತದೆ. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಕೊಡುತ್ತಾರೆ, ಸಾಮಾನ್ಯ ಪ್ರಮಾಣ ಕೆಜಿ ತೂಕಕ್ಕೆ ದಿನಕ್ಕೆ 10 ಮಿಗ್ರಾಂ, ಅಂದರೆ 20 ಕೆಜಿ ನಾಯಿಗೆ 100 ಮಿಗ್ರಾಂ ಮಾತ್ರೆ ಬೆಳಿಗ್ಗೆ ಒಂದು, ಸಂಜೆ ಒಂದು. ನಿಮ್ಮ ನಾಯಿಗೆ ಎಷ್ಟೆಂದು ವೈದ್ಯರೇ ಹೇಳಲಿ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ. ಒಣಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳ ಹುಣ್ಣಾಗುತ್ತದೆ. ಒಂದಿಷ್ಟು ಅನ್ನ, ಬೇಯಿಸಿದ ಕೋಳಿ ತಿನ್ನಿಸಿ ಮಾತ್ರೆ ಕೊಟ್ಟು, ಮೇಲೆ ಸಿರಿಂಜಿನಲ್ಲಿ ಐದಾರು ಎಂಎಲ್ ನೀರು ಕೆನ್ನೆಯ ಪಕ್ಕದಿಂದ ನಿಧಾನವಾಗಿ ಬಿಡಿ. ಹಾಲಿನ ಜೊತೆ ಕೊಡಬೇಡಿ, ಔಷಧ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಪಪ್ಪಾಯಿ ಎಲೆಯ ರಸ ಎರ್ಲಿಕಿಯಾವನ್ನು ಕೊಲ್ಲುವುದಿಲ್ಲ, ಅದನ್ನು ನಂಬಿ ಮಾತ್ರೆ ಬಿಟ್ಟವರ ನಾಯಿಗಳು ನರಳುತ್ತವೆ.

ದೊಡ್ಡ ತಪ್ಪು ನಡೆಯುವುದು ಮೂರನೇ ದಿನ. ಅಷ್ಟರಲ್ಲಿ ನಾಯಿ ಎದ್ದು ಓಡಾಡಿ ತಟ್ಟೆ ನೆಕ್ಕುತ್ತದೆ, ಮನೆಯವರು ಮಾತ್ರೆ ನಿಲ್ಲಿಸುತ್ತಾರೆ. ಉಳಿದ ರೋಗಾಣು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಡಗಿದ್ದು ಕೊನೆಗೆ ಮೂಳೆಮಜ್ಜೆಯನ್ನೇ ಹಾಳುಮಾಡುತ್ತದೆ, ಆಗ ಉಳಿಸುವುದು ಬಹಳ ಕಷ್ಟ. ಕೋರ್ಸ್ 28 ದಿನ. ಕ್ಯಾಲೆಂಡರಿನಲ್ಲಿ ಪ್ರತಿ ಮಾತ್ರೆಗೂ ಗೀಟು ಹಾಕಿ. ಮುಗಿದ ಮೇಲೆ ಪ್ಲೇಟ್‌ಲೆಟ್ ಮತ್ತೆ ಎಣಿಸಿ. ರೋಗಾಣುವಿನ ವಿರುದ್ಧ ಮೈ ತಯಾರಿಸುವ ಪ್ರತಿಕಾಯವನ್ನು ಹುಡುಕುವ ಆಂಟಿಬಾಡಿ ಪರೀಕ್ಷೆಯನ್ನೇ ಮರಳಿ ಮಾಡಿಸಿ ಪಾಸಿಟಿವ್ ಬಂತೆಂದು ಗಾಬರಿಯಾಗಬೇಡಿ. ವಾಸಿಯಾದ ನಾಯಿಯಲ್ಲೂ ಅದು ತಿಂಗಳುಗಳ ಕಾಲ ಪಾಸಿಟಿವ್ ಆಗಿಯೇ ಇರುತ್ತದೆ.