ದೋಣಿಗೂ ನೀರಡಿಕಿ ಆಗತೈತ್ರೀ

ಮೊನ್ನೆ ಹೊಳಿ ದಂಡಿಗೆ ಹೋಗಿದ್ದೆ. ಹೊಳಿ ಅಂದ್ರ ಈಗೆಲ್ಲೆ ಹೊಳಿ, ಬರೇ ಉಸುಕು, ನಡುವ ಅಲ್ಲೊಂದು ಇಲ್ಲೊಂದು ಮಡು. ಆ ಉಸುಕಿನ ಮ್ಯಾಲ ನಮ್ಮ ಓಣಿ ಹುಡುಗ ಒಬ್ಬಾವ ಅವರಜ್ಜನ ಕಾಲದ ದೋಣಿ ಬೋರಲ ಹಾಕ್ಕೊಂಡು, ನೆತ್ತಿ ಸುಡೋ ಬಿಸಲಾಗ, ಹಲಗಿ ಸಂದಿನ್ಯಾಗ ಅಂಗಡಿ ಅಂಟು ತುಂಬಾಕ ಹತ್ತಿದ್ದ. ಎರಡು ಥರದ್ದು ಕಲಸಿ ಹಚ್ಚಿದ್ರ ಕಲ್ಲಿನಂಗ ಆಗತೈತಂತ. "ಏನೋ ತಮ್ಮಾ ಇದು?" ಅಂದೆ. "ಆಯೀ, ಬಿರಕ ಬಿಟ್ಟೈತಿ, ಪ್ಯಾಕ್ ಮಾಡಾಕತ್ತೀನಿ" ಅಂದ. ಬಿರಕ ಅಲ್ಲೋ ಮಗಾ, ಅದಕ್ಕ ನೀರಡಿಕಿ ಆಗೈತಿ. ನೀರಡಿಸಿದವರ ಬಾಯಾಗ ಸಿಮೆಂಟ್ ತುರುಕತಾರೇನು?

ಅವತ್ತು ಬೈದು ಬಂದೆ. ಮನಿಗೆ ಬಂದ ಮ್ಯಾಲ ಅನಿಸ್ತು, ಬೈಯೋದಷ್ಟ ಆತು, ಹೇಳಿದ್ದೇನೂ ಇಲ್ಲ. ಅದಕ ಮೊಮ್ಮಗಳ ಕಡೆ ಫೋನ್ ಕೊಟ್ಟು ಬರಸಾಕತ್ತೀನಿ.

ಕಟಗಿ ಒಣಗಿದ್ರ ಅಡ್ಡಕ್ಕ ಕುಗ್ಗತೈತಿ, ಉದ್ದಕ್ಕ ಕುಗ್ಗಂಗಿಲ್ಲ ಅಂದ್ರೂ ನಡೀತೈತಿ. ಅದಕ ಬ್ಯಾಸಗ್ಯಾಗ ದೋಣಿ ಗಿಡ್ಡ ಆಗಂಗಿಲ್ಲ, ಹಲಗಿ-ಹಲಗಿ ನಡುವಿನ ಸಂದು ಬಾಯಿ ತೆರಿತಾವ. ನೀರು ಕುಡಿದ ಮ್ಯಾಲ ಆ ಹಲಗಿ ಉಬ್ಬಿ ಮತ್ತ ತಮ್ಮಷ್ಟಕ್ಕ ತಾವ ಕೂಡತಾವ. ಒಣಗಿದಾಗ ಸಂದಿನ್ಯಾಗ ಕಲ್ಲಿನಂಥಾದ್ದು ತುಂಬಿಟ್ರ ಉಬ್ಬೋ ಹಲಗಿ ಎಲ್ಲೆ ಹೋಗಬೇಕು? ಮಳಿಗಾಲಕ್ಕ ನೀರಿಗೆ ಇಳಿಸಿದ ಕೂಡಲೇ ಒಂದಕ್ಕೊಂದು ಒತ್ತಿ ಮೊಳಿ ಕೀಳತಾವ, ಇಲ್ಲಾ ಹಲಗೀನ ಸೀಳತೈತಿ. ಸಂದಿನ್ಯಾಗ ತುರುಕೋ ಹತ್ತೀನೂ ಅಷ್ಟ. ಒಣಗಿದ ದೋಣಿಗೆ ಬಿಗದು ಬಡದ್ರ ಅದೂ ಅದ ಕೆಲಸ ಮಾಡತೈತಿ.

ಇದು ದೊಡ್ಡ ವಿದ್ಯಾ ಅಲ್ಲ. ರೊಟ್ಟಿ ಹಿಟ್ಟು ನಾದೋ ಕಟಗಿ ಕೊಣಮಿಗಿ ತೊಳದು ಬಿಸಲಿಗೆ ಇಟ್ಟು ನೋಡ್ರಿ, ಸಂಜಿ ಅನ್ನೋದ್ರೊಳಗ ಸೀಳಿರತೈತಿ. ಚಕ್ಕಡಿ ಗಾಲಿ ಬ್ಯಾಸಗ್ಯಾಗ ಗಡಗಡ ಅಂದ್ರ ನಿಮ್ಮಜ್ಜ ಏನ್ ಮಾಡ್ತಿದ್ದ? ಹಳ್ಳದ ನೀರಾಗ ಕೆಡವತಿದ್ದ. ಕಟಗಿ ಉಬ್ಬಿ ಕಬ್ಬಿಣದ ಹಳಿ ಬಿಗಿ ಆಗತಿತ್ತು. ಗಾಲಿಗೆ ತಿಳಿದ ಮಾತು ದೋಣಿಗೆ ಯಾಕ ತಿಳಿವಲ್ತು ನಿಮಗ?

ಸಮುದ್ರದ ಕಡೆಯವರಿಗೆ ಈ ತ್ರಾಸು ಇಷ್ಟಿರಲಿಕ್ಕಿಲ್ಲ, ಅವರ ನೀರು ಎಲ್ಲೀಗೂ ಹೋಗಂಗಿಲ್ಲ. ನಮ್ಮ ಕೃಷ್ಣಿ ಹಂಗಲ್ಲ. ಹಿಪ್ಪರಗಿ ಬ್ಯಾರೇಜ್ ಆದ ಮ್ಯಾಲ ಜಮಖಂಡಿ ಕಡೆ ಹಿನ್ನೀರು ಒಂದಷ್ಟು ದಿನ ನಿಲ್ಲತೈತಿ, ಆದ್ರ ಚೈತ್ರ ಕಳಿಯೋದ್ರೊಳಗ ಅದೂ ತಳಾ ಕಾಣತೈತಿ. ಆಮ್ಯಾಲ ಮಹಾರಾಷ್ಟ್ರದ ಕೊಯ್ನಾ ಡ್ಯಾಮಿನಿಂದ ನೀರು ಬಿಡತಾರೋ ಇಲ್ಲೋ ಅಂತ ಎಲ್ಲಾರೂ ಪಡುವಣ ದಿಕ್ಕು ನೋಡ್ಕೋತ ಕೂಡೂದು. ಬಾಗಲಕೋಟಿ ಕಡೆ ಆಲಮಟ್ಟಿ ಹಿನ್ನೀರಾಗ ಮೀನ ಹಿಡಿಯೋರಿಗೂ ಅಷ್ಟ, ನೀರು ಹಿಂದ ಸರದಂಗ ದೋಣಿ ಕೆಸರಾಗ ಕೂಡತೈತಿ, ಕೆಸರು ಒಣಗಿ ಹೆಂಟಿ ಆಗತೈತಿ. ಹಿಂಗಾಗಿ ಹೋಳಿ ಹುಣ್ಣಿಮಿ ಬಂತಂದ್ರ ದೋಣಿ ನೆಲಕ್ಕ, ಮಿರಗ, ಅಂದ್ರ ಮೃಗಶಿರಾ ಮಳಿ, ಕೂಡೋಮಟ ನೆಲದಾಗ. ಬಿಸಲು 40 ಡಿಗ್ರಿ ದಾಟೋ ಆ ಮೂರು ತಿಂಗಳಾಗ ನೀವು ಹೆಂಗ ನೋಡ್ಕೋತೀರಿ ಅನ್ನೋದರ ಮ್ಯಾಲ ದೋಣಿ ಆಯುಷ್ಯ.

ಮೊದಲು ಜಾಗಾ. ನೀರು ಇನ್ನೂ ಮೊಣಕಾಲಮಟ ಇದ್ದಾಗನ ದಂಡಿಗೆ ತರ್ರಿ, ಪೂರಾ ಒಣಗಿದ ಮ್ಯಾಲ ಕಲ್ಲಿನ ಮ್ಯಾಲ ಎಳದಾಡಬ್ಯಾಡ್ರಿ. ಹುಣಸಿಗಿಡದ ನೆಳ್ಳು ಸಿಕ್ಕರ ಪುಣ್ಯ, ಬೇವಿನ ಗಿಡ ಆದ್ರೂ ನಡೀತೈತಿ. ಮುಂಜಾನಿ ಬಿಸಲು ಬಿದ್ದರ ಬೀಳಲಿ, ಮಧ್ಯಾಹ್ನದ ಮ್ಯಾಲಿನ ಪಡುವಣ ಬಿಸಲು ಬೀಳಬಾರದು. ಕೆಳಗ ಮರದ ತುಂಡು ಇಡ್ರಿ, ಎರಡ ಅಲ್ಲ, ನಾಕೈದು ಕಡೆ. ಎರಡು ತುದಿಗೆ ಅಷ್ಟ ಆಸರ ಕೊಟ್ರ ನಡುವ ಜೋತು ಬೀಳತೈತಿ, ಮುಂದಿನ ವರ್ಷ ಹುಟ್ಟು ಹಾಕಿದ್ರ ಸೊಟ್ಟ ಹೋಗತೈತಿ. ಗೆದ್ದಲಿ ನೋಡ್ಕೋರಿ. ಇಷ್ಟು ಎಲ್ಲಾರಿಗೂ ಗೊತ್ತಿರಬೇಕು.

ಈಗ ನಮ್ಮತ್ತಿ ಕಲಿಸಿದ್ದು ಹೇಳ್ತೀನಿ, ಸಾವಕಾಶ ಕೇಳ್ರಿ. ಆಕಿ ತವರಮನ್ಯಾಗ ವೀಳ್ಯದೆಲಿ ತ್ವಾಟ ಇತ್ತು. ಎಲಿ ಬಾಡಬಾರದಂತ ತೊಯ್ದ ಗೋಣಿ ತಟ್ಟು ಹೊಚ್ಚೋದು ನೋಡಿ ಬೆಳದಾಕಿ. ಅಂಬಿಗರ ಮನಿಗೆ ಸೊಸಿಯಾಗಿ ಬಂದ ಮ್ಯಾಲ ಆ ತಟ್ಟು ದೋಣಿಗೆ ಹೊಚ್ಚಿದ್ಲು. ಗಂಡಸರು ನಕ್ಕರಂತ. ಮಳಿಗಾಲಕ್ಕ ನಗೂದು ಬಿಟ್ಟರು.

ತಟ್ಟು ಅಂದ್ರ ಸೆಣಬಿನದ. ಈಗಿನ ಗೊಬ್ಬರದ ಪ್ಲಾಸ್ಟಿಕ್ ಚೀಲ ತಂದು "ಆಯೀ ಇದೂ ಚೀಲನ ಅಲ್ಲೇನು" ಅಂತ ಕೇಳಬ್ಯಾಡ್ರಿ, ನನಗ ಸಿಟ್ಟು ಬರತೈತಿ. ಹೊಸಾ ಗೋಣಿಚೀಲನೂ ಬ್ಯಾಡ, ಅದಕ್ಕ ನೂಲೋ ಮುಂದ ಎಣ್ಣಿ ಹಚ್ಚಿರತಾರ, ಮೂಸಿದ್ರ ವಾಸನಿ ಬರತೈತಿ, ನೀರು ಹಿಡಿಯಂಗಿಲ್ಲ. ಹಳೇದ ಬೇಕು. ಹೊಸಾದ ಇದ್ರ ಬಿಸಿನೀರಾಗ ಸೋಪು ಹಾಕಿ ಎರಡು ಸಲ ಕುಕ್ಕಿ ಒಗದು ತಗೋರಿ. ಹೊಲಿಗಿ ಬಿಚ್ಚಿ ಹಾಸಿಗಿಯಂಗ ಅಗಲ ಮಾಡ್ರಿ.

ದೋಣಿ ಅಂಚಿಗೆ ಸರಿಯಾಗಿ ಅಡ್ಡಲಾಗಿ ಒಂದು ಹಲಗಿ ಹಾಕ್ರಿ. ಅದರ ಮ್ಯಾಲ ಅಗಲ ಬಾಯಿಯ ಮಣ್ಣಿನ ಬಾನಿ ಇಟ್ಟು ಕಂಠಮಟ ನೀರು ತುಂಬ್ರಿ. ತಟ್ಟಿನ ಒಂದು ತುದಿ ಬಾನಿಯೊಳಗ ಮುಳುಗಿರಬೇಕು, ಗಾಳಿಗೆ ಹಾರಬಾರದಂತ ಅದರ ಮ್ಯಾಲ ಮುಷ್ಟಿಗಾತ್ರ ಕಲ್ಲು. ಉಳಿದಿದ್ದು ಅಂಚು ದಾಟಿ ಹೊರಗ ಹಲಗಿ ಮೈಮ್ಯಾಲ ಜೋತಬಿಡ್ರಿ, ಹೊರಗಿನ ತುದಿ ಬಾನಿಯ ನೀರಿಗಿಂತ ಕೆಳಗ ಇರಬೇಕು. ಒಮ್ಮೆ ಕೈಲೆ ಪೂರಾ ತೊಯ್ಸಿ ಬಿಟ್ರ ಸಾಕು, ದೀಪದ ಬತ್ತಿ ಎಣ್ಣಿ ಎಳದಂಗ ತಟ್ಟು ತಾನ ನೀರು ಎಳಕೋತ ಹೋಗತೈತಿ. ದಿನಾ ಪೂರ್ತಿ ತಣ್ಣಗ, ಹನಿ ಹನಿ. ಬಾನಿ ನೀರು ಗೇಣು ಇಳದ್ರ ಎಳಿಯೋದು ನಿಲ್ಲತೈತಿ, ಅದಕ ಆಳದ ಕೊಡ ಬ್ಯಾಡ, ಅಗಲದ್ದ ಬೇಕು. ಮುಂಜಾನಿ ಒಮ್ಮೆ, ಬಿಸಲು ಏರಿದಾಗ ಒಮ್ಮೆ, ಸಂಜಿ ಒಮ್ಮೆ ತುಂಬ್ರಿ. ತಟ್ಟು ಹಲಗಿಗೆ ಹತ್ತಿಕೊಂಡಿರಬೇಕು, ನಡುವ ಗಾಳಿ ಆಡಿದ್ರ ಹಲಗಿ ಒಣಗತೈತಿ, ತಟ್ಟಷ್ಟ ತೊಯ್ದಿರತೈತಿ. ನಾ ಅಂಗೈ ಒಳಗ ತೂರಿಸಿ ನೋಡ್ತೀನಿ. ಹಲಗಿ ಹೊಸಾ ಗಡಿಗಿಯಂಗ ತಣ್ಣಗ ಹತ್ತಬೇಕು.

ದೋಣಿ ಒಳಗೂ ಒಂದಿಷ್ಟು ನೀರು ಹಾಕ್ರಿ, ಕಾಲ್ಬೆರಳು ಮುಳುಗೋವಷ್ಟ. ನೆಲದ ಮ್ಯಾಲಿನ ದೋಣಿಗೆ ಕೊಡಗಟ್ಟಲೆ ನೀರು ಹೊಯ್ದ್ರ ಭಾರಕ್ಕ ಹೊಟ್ಟಿ ಬಿರಿತೈತಿ. ವಾರಕ್ಕೊಮ್ಮೆ, ಸಂತಿ ದಿನ ಅಂತ ಇಟ್ಕೋರಿ, ಆ ನೀರೂ ಬಾನಿ ನೀರೂ ಚೆಲ್ಲಿ ಹೊಸಾದ ಹಾಕ್ರಿ. ಇಲ್ಲಾಂದ್ರ ಸೊಳ್ಳಿ ಮರಿ ಮಾಡಿ ಊರಿಗೆಲ್ಲಾ ಜ್ವರ ಹಂಚತೀರಿ. ಇನ್ನೊಂದು, ಸುರು ಮಾಡಿದ್ರ ಬಿಡಬ್ಯಾಡ್ರಿ. ಒಂದಿನ ತೊಯ್ಸಿ ನಾಕ ದಿನ ಒಣಗಿಸೋದಕ್ಕಿಂತ ಏನೂ ಮಾಡದ ಇರೋದು ಚೊಲೋ, ಉಬ್ಬಿ-ಕುಗ್ಗಿ ಉಬ್ಬಿ-ಕುಗ್ಗಿ ಮೊಳಿ ಸಡಲತಾವ.

ನಮ್ಮ ಸೊಸಿ ಒಂದ್ ವರ್ಷ ತಟ್ಟು ಸಾಲವಲ್ದಂತ ನನ್ನ ಹಳೇ ಕೌದಿ ಹೊಚ್ಚಿದ್ಲು. ನಾಕು ಸೀರಿ ಕೂಡಿಸಿ ಹೊಲಿದ ಕೌದಿ! ಕೌದಿ ಮಾತು ಬಂತು, ಅದನ್ನೂ ಹೇಳಿಬಿಡ್ತೀನಿ. ಹೊಳ್ಯಾಗ ನೀರು ಹರಿಯಾಕ ಹತ್ತಿದಾಗನ ಕೌದಿ ಒಗದು ಮುಗಸ್ರಿ, ಮಡುವಿನ ರಾಡಿ ನೀರಾಗಲ್ಲ. ಉಸುಕಿನ ಮ್ಯಾಲ ಒಣಹಾಕೋ ಮುಂದ ಚಂದ ಕಾಣೋ ಮೈ ಕೆಳಗ ಮಾಡಿ ಹಾಸ್ರಿ, ಕೆಂಪು ಬಣ್ಣ ಬಿಸಲಿಗೆ ಮೊದಲು ಹಾರತೈತಿ.

ದೋಣಿಗೆ ಇದೆಲ್ಲಾ ಯಾಕ ಅಂತೀರೇನು? 2019ರ ಬ್ಯಾಸಗ್ಯಾಗ ಹೊಳಿ ಬತ್ತಿ ಹೋಗಿತ್ತು, ಕುಡಿಯೋ ನೀರಿಗೂ ಟ್ಯಾಂಕರ್ ಕಾಯ್ತಿದ್ವಿ. ಅದ ವರ್ಷ ಆಗಸ್ಟನ್ಯಾಗ ಮಹಾಪೂರ. ಊರ ಬಾಗಲಿಗೆ ನೀರು ಬಂದಾಗ ದೋಣಿ ನೆನೆಸಾಕ ಯಾರಿಗೆ ಪುರುಸೊತ್ತು? ತಟ್ಟಿನ ಕೆಳಗ ಬ್ಯಾಸಗಿ ಕಳದ ನಮ್ಮ ದೋಣಿ ತೊಟ್ಟ ನೀರು ಒಳಗ ಬಿಡಲಿಲ್ಲ, ಮುದುಕರನ್ನ, ಆಡು ಮರಿಗಳನ್ನ ದಾಟಿಸಿದ್ವಿ. ಬಾಜೂಕಿನವರ ದೋಣ್ಯಾಗ ಒಬ್ಬ ಹುಟ್ಟು ಹಾಕಿದ್ರ ಇಬ್ಬರು ಚರಿಗಿಲೆ ನೀರು ಮೊಗದು ಚೆಲ್ಲತಿದ್ರು.

ಹುಟ್ಟು, ಕೂಡೋ ಹಲಗಿ ಇವಕ್ಕ ತಟ್ಟು ಬ್ಯಾಡ, ಎಣ್ಣಿ. ಅಗಸಿ ಎಣ್ಣಿ ಚೊಲೋ, ಹಚ್ಚಿದ್ದು ಒಣಗಿ ಪದರ ಕಟ್ಟತೈತಿ. ಕುಸಬಿ ಎಣ್ಣೀನೂ ಆದೀತು, ಒಣಗಾಕ ತಡ. ಶೇಂಗಾ ಎಣ್ಣಿ ಎಂದೂ ಒಣಗಂಗಿಲ್ಲ, ಧೂಳು ಮೆತ್ತಕೊಂಡು ಇರವಿ ಮುತ್ತತಾವ. ಹುಟ್ಟು ಗ್ವಾಡಿಗೆ ಆನಿಸಿ ನಿಲ್ಲಿಸಿದ್ರ ಬಿಲ್ಲಿನಂಗ ಬಾಗತೈತಿ, ಮಲಗಿಸಿಡ್ರಿ. ಒಂದು ಮಾತು ನೆನಪಿಡ್ರಿ, ಅಗಸಿ ಎಣ್ಣಿ ಒರಸಿದ ಅರಿವಿ ಮುದ್ದಿ ಮಾಡಿ ಮೂಲಿಗೆ ಒಗಿಬ್ಯಾಡ್ರಿ, ತನ್ನಷ್ಟಕ್ಕ ಕಾದು ಬೆಂಕಿ ಹತ್ತತೈತಿ. ನಮ್ಮ ಹಿತ್ತಲದಾಗ ಮೇ ತಿಂಗಳ ಮಧ್ಯಾಹ್ನ ಹೊಗಿ ಎದ್ದಾಗ ಎಲ್ಲಾರೂ ಭಾನಾಮತಿ ಅಂದ್ರು. ಹರವಿ ಒಣಗಿಸ್ರಿ, ಇಲ್ಲಾ ನೀರಾಗ ಅದ್ದಿಡ್ರಿ.

ಫೈಬರ್ ದೋಣಿಯವರು "ನಮಗೇನು ಚಿಂತಿಲ್ಲ" ಅಂತ ತಿಳ್ಕೊಂಡಾರ. ಕೈಲೆ ಒರಸಿ ನೋಡ್ರಿ, ಸುಣ್ಣದ ಗ್ವಾಡಿ ಮುಟ್ಟಿದಂಗ ಬಿಳಿ ಪುಡಿ ಹತ್ತತೈತಿ. ಬಿಸಲು ಮ್ಯಾಲಿನ ಪದರ ತಿನ್ನಾಕತ್ತೈತಿ ಅಂತ ಅದರರ್ಥ. ತೊಳದು ಮೇಣ ಹಚ್ಚಿ ನೆಳ್ಳಿಗೆ ಇಡ್ರಿ. ಹರಗೋಲಿನ ತಳದ ಡಾಂಬರು ಬಿಸಲಿಗೆ ಕರಗಿ ಉಸುಕು ಮೆತ್ತಕೋತೈತಿ, ಗಿಡಕ್ಕ ಆನಿಸಿ ನೆಳ್ಳಾಗ ನಿಲ್ಲಿಸ್ರಿ. ಪ್ಲಾಸ್ಟಿಕ್ ಹಗ್ಗ, ನೈಲಾನ್ ಬಲಿ ಬಿಸಲಾಗ ಬಿಟ್ರ ಒಳಗ ಜೀವ ಇರಂಗಿಲ್ಲ, ತಿರುವಿದ್ರ ಪುಡಿ ಉದರತೈತಿ. ಈಸಾಡೋ ಟ್ಯೂಬಿನ ಗಾಳಿ ಬಿಸಲಿಗೆ ಉಬ್ಬತೈತಿ, ಸ್ವಲ್ಪ ಸಡಲ ಬಿಡ್ರಿ. ಪೆಟ್ರೋಲ್ ಕ್ಯಾನಿಗೂ ಅದ ಮಾತು, ಕಂಠಮಟ ತುಂಬಬ್ಯಾಡ್ರಿ, ಬಿಸಲಾಗಂತೂ ಇಡಲೇಬ್ಯಾಡ್ರಿ. ತಾಡಪತ್ರಿ ಹಾಕೋರು ಮೈಗೆ ಹತ್ತಿಸಿ ಸುತ್ತಬ್ಯಾಡ್ರಿ, ಒಳಗ ಕುದ್ದು ಬೂಸರ ಬರತೈತಿ. ಗಳ ನೆಟ್ಟು ಚಪ್ಪರದಂಗ ಕಟ್ರಿ.

ರೋಹಿಣಿ ಮಳಿ ಹೊತ್ತಿಗೆ ಒಂದಿನ ರಾತ್ರಿ ದೋಣಿ ಒಳಗ ಬ್ಯಾಟರಿ ಹಚ್ಚಿಟ್ಟು ಹೊರಗಿಂದ ಸುತ್ತು ಹಾಕಿ ನೋಡ್ರಿ. ಎಲ್ಲೆಲ್ಲೆ ಬೆಳಕು ಇಣುಕತೈತೋ ಅಲ್ಲಲ್ಲೆ ಸೀಮಿ ಸುಣ್ಣದ ಗೆರಿ ಹಾಕ್ರಿ, ತುಂಬಾಕ ಹೋಗಬ್ಯಾಡ್ರಿ. ಮಿರಗ ಕೂಡಿ ನೀರು ಬಂದ ಮ್ಯಾಲ ಅಂಬಿಗರ ಚೌಡಯ್ಯನ ಹೆಸರು ತಗೊಂಡು, ಸೆಳವು ಇಲ್ಲದ ಕಡೆ, ಒಳಗ ಕಲ್ಲು ಹೇರಿ ದೋಣಿ ಮುಳುಗಿಸ್ರಿ. ಗಟ್ಟಿ ಹಗ್ಗದಲೆ ಗಿಡಕ್ಕ ಕಟ್ಟಿರಬೇಕು, ಮ್ಯಾಲಿಂದ ಯಾವಾಗ ನೀರು ಬಿಡತಾರ ಹೇಳಾಕ ಬರಂಗಿಲ್ಲ. ಮೂರು ದಿನ, ಪೂರಾ ಒಣಗಿದ್ದಿದ್ರ ಎಂಟು ದಿನ. ಆಮ್ಯಾಲ ಕಲ್ಲು ತಗದು, ನೀರು ಚೆಲ್ಲಿ, ತೇಲಿಸಿ ಒಂದು ರಾತ್ರಿ ಬಿಡ್ರಿ. ಮುಂಜಾನಿ ಸುಣ್ಣದ ಗೆರಿ ಇದ್ದಲ್ಲೆ ಇನ್ನೂ ಜಿನುಗತಿದ್ರ, ಆ ಜಾಗಾಕ್ಕಷ್ಟ ಹೊಸಾ ಹತ್ತಿ ಡಾಂಬರಿನ್ಯಾಗ ಅದ್ದಿ, ಹಗೂರ್ಕ ಬಡೀರಿ.