ನೈಟ್ರೇಟ್ ಎಲ್ಲಿಂದ ಬಂತು? ಮಣ್ಣು, ನೀರು ಮತ್ತು ನೈಟ್ರೋಜನ್-15: ನನ್ನ ಅನುಭವ

ಬಾವಿ ನೀರಿನಲ್ಲಿ ನೈಟ್ರೇಟ್ ಜಾಸ್ತಿ ಇದೆ ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಒಂದೇ. ಇದು ಹೊಲದ ಗೊಬ್ಬರದ್ದಾ, ಕೊಳಚೆಯದ್ದಾ? ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ 50 ಮಿಲಿಗ್ರಾಂ. ಅದನ್ನು ದಾಟಿದೆಯೋ ಇಲ್ಲವೋ ಅಂತ ತಿಳಿಯಲು ಸಾಮಾನ್ಯ ಪರೀಕ್ಷೆ ಸಾಕು. ಎಲ್ಲಿಂದ ಬಂತು ಅಂತ ಅದು ಹೇಳುವುದಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿಯೇ ನಾನು ಸ್ಥಿರ ಐಸೋಟೋಪ್‌ಗಳ, ಅಂದರೆ ಒಂದೇ ಧಾತುವಿನ ವಿಕಿರಣ ಸೂಸದ ಹಗುರ ಮತ್ತು ಭಾರದ ಪರಮಾಣುಗಳನ್ನು ಅಳೆಯುವ ಕೆಲಸಕ್ಕೆ ಬಂದೆ. ಇದನ್ನೇ ಮಾಡುತ್ತಾ ಬಂದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಈ ಸಂಖ್ಯೆಗಳು ಮೂಲಕ್ಕಿಂತ ಮೊದಲು ದಾರಿಯ ಬಗ್ಗೆ ಹೇಳುತ್ತವೆ. ದಾರಿಯಲ್ಲಿ ಏನಾಯಿತು ಅಂತ ನೋಡದೆ ಮೂಲ ಹೇಳಲು ಹೋಗಬಾರದು.

ಪ್ರಕೃತಿಯಲ್ಲಿರುವ ನೈಟ್ರೋಜನ್‌ನಲ್ಲಿ ನೂರಕ್ಕೆ ಸುಮಾರು 99.63 ಪಾಲು ನೈಟ್ರೋಜನ್-14. ಉಳಿದ 0.37 ಪಾಲು ನೈಟ್ರೋಜನ್-15. ಎರಡೂ ಸ್ಥಿರ. ವಿಕಿರಣ ಸೂಸುವವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಾಳುವ ನೈಟ್ರೋಜನ್-13ರ ಅರ್ಧಾಯುಷ್ಯವೇ 10 ನಿಮಿಷ. ಹೊಲ ತಲುಪುವಷ್ಟರಲ್ಲಿ ಅದು ಮುಗಿದೇ ಹೋಗಿರುತ್ತದೆ. ಹಾಗಾಗಿ ಮಣ್ಣಿನ ಕೆಲಸಕ್ಕೆ ನಮಗಿರುವ ಆಸರೆ 15 ಒಂದೇ. ಅದನ್ನು ಬಳಸುವ ದಾರಿ ಎರಡು. ಇದ್ದದ್ದನ್ನು ಇದ್ದ ಹಾಗೇ ಅಳೆಯಬಹುದು, ಇಲ್ಲವೇ ನೈಟ್ರೋಜನ್-15 ಹೆಚ್ಚಿರುವ ಗುರುತಿನ ಗೊಬ್ಬರ ಹಾಕಿ ಅದರ ಹಿಂದೆ ಹೋಗಬಹುದು.

ಮೊದಲನೆಯದರಲ್ಲಿ ಗಾಳಿಯ ನೈಟ್ರೋಜನ್ನೇ ಸೊನ್ನೆ. ಅದಕ್ಕಿಂತ ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಅನ್ನುವುದು ಡೆಲ್ಟಾ ಬೆಲೆ. ರಾಸಾಯನಿಕ ಗೊಬ್ಬರ ತಯಾರಾಗುವುದು ಗಾಳಿಯಿಂದ, ಆದ್ದರಿಂದ ಅದು ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಮಣ್ಣಿನ ಸಾವಯವ ನೈಟ್ರೋಜನ್ ಸಾಮಾನ್ಯವಾಗಿ 3ರಿಂದ 8. ಸಗಣಿ, ಗಂಜಲ, ಕೊಳಚೆಯಿಂದ ಬಂದ ನೈಟ್ರೇಟ್ ಬಹಳ ಸಲ 10ರಿಂದ 20. ಹಗುರ ಅಮೋನಿಯ ಮೊದಲು ಹಾರಿಹೋಗಿ ಭಾರದ್ದು ಉಳಿಯುವುದೇ ಇದಕ್ಕೆ ಕಾರಣ. ಇಷ್ಟು ಕೇಳಿದರೆ ಪ್ರಶ್ನೆ ಬಗೆಹರಿದಂತೆಯೇ ಅನಿಸುತ್ತದೆ, ಅಲ್ವಾ? 1971ರಲ್ಲಿ ಕೋಲ್, ಶಿಯರರ್ ಮತ್ತು ಕಾಮನರ್ ಅಮೆರಿಕದ ಇಲಿನಾಯ್‌ನ ಸಂಗಮನ್ ನದಿಯ ನೈಟ್ರೇಟ್‌ನಲ್ಲಿ ಗೊಬ್ಬರದ ಪಾಲೆಷ್ಟು ಅಂತ ಈ ಲೆಕ್ಕದಿಂದಲೇ ಹೇಳಿದರು. ಮರುವರ್ಷವೇ ಮಣ್ಣು ವಿಜ್ಞಾನಿಗಳು ಜೋರಾಗಿ ಆಕ್ಷೇಪಿಸಿದರು. ಮಣ್ಣಿನೊಳಗೆ ನಡೆಯುವ ಪ್ರತಿ ಕ್ರಿಯೆಯೂ ಈ ಬೆಲೆಯನ್ನು ಬದಲಿಸುತ್ತದೆ ಅನ್ನುವುದು ಅವರ ವಾದ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಓದಲು ಹೇಳುವುದು ಆ ಜಗಳವನ್ನೇ.

ಅದರಲ್ಲೂ ಲೆಕ್ಕ ಕೆಡಿಸುವುದು ಡಿನೈಟ್ರಿಫಿಕೇಶನ್. ಆಮ್ಲಜನಕ ಸಿಗದ ಕಡೆ ಬ್ಯಾಕ್ಟೀರಿಯಾ ನೈಟ್ರೇಟನ್ನೇ ಉಸಿರಾಟಕ್ಕೆ ಬಳಸಿ ಅನಿಲವಾಗಿ ಬಿಡುತ್ತವೆ. ಹಗುರ ನೈಟ್ರೇಟನ್ನು ತುಸು ಬೇಗ ಖರ್ಚು ಮಾಡುತ್ತವೆ. ಉಳಿದದ್ದು ಭಾರವಾಗುತ್ತಾ ಹೋಗುತ್ತದೆ. ಆ ಕ್ರಿಯೆಯ ಐಸೋಟೋಪ್ ಪರಿಣಾಮ, ಅಂದರೆ ಹಗುರದ್ದು ಭಾರದ್ದಕ್ಕಿಂತ ಎಷ್ಟು ಬೇಗ ಖರ್ಚಾಗುತ್ತದೆ ಅನ್ನುವುದು, ಸಾವಿರಕ್ಕೆ 15 ಅಂತ ಇಟ್ಟುಕೊಳ್ಳಿ. ಅರ್ಧ ನೈಟ್ರೇಟ್ ಖಾಲಿಯಾದಾಗ ಉಳಿದರ್ಧದ ಬೆಲೆ ಸುಮಾರು 10 ಏರಿರುತ್ತದೆ. ಅಂದರೆ 4ರಲ್ಲಿ ಹೊರಟ ಹೊಲದ ನೈಟ್ರೇಟ್ ಬಾವಿ ಸೇರುವಾಗ 14 ಆಗಿರಬಹುದು. ಕಾಗದದ ಮೇಲೆ ಅದು ಅಪ್ಪಟ ಕೊಳಚೆ!

ಹಾಗಾಗಿ ನೈಟ್ರೋಜನ್ ಒಂದನ್ನೇ ಅಳೆದು ತೀರ್ಪು ಕೊಡುವುದನ್ನು ನಾನು ಒಪ್ಪುವುದಿಲ್ಲ. ನೈಟ್ರೇಟ್‌ನಲ್ಲಿರುವ ಭಾರದ ಆಮ್ಲಜನಕ, ಅಂದರೆ ಆಮ್ಲಜನಕ-18ರ ಡೆಲ್ಟಾ ಬೆಲೆ ಕೂಡ ಬೇಕೇ ಬೇಕು. ಮಳೆಯಲ್ಲಿ ಬರುವ ನೈಟ್ರೇಟ್‌ನಲ್ಲಿ ಅದು 60ಕ್ಕೂ ಮೇಲೆ ಇರುವುದರಿಂದ ಅಲ್ಲೇ ಸಿಕ್ಕಿಬೀಳುತ್ತದೆ. ಡಿನೈಟ್ರಿಫಿಕೇಶನ್ ಆಗಿದ್ದರೆ ನೈಟ್ರೋಜನ್, ಆಮ್ಲಜನಕ ಎರಡೂ ಜೊತೆಯಾಗಿ ಏರುತ್ತವೆ. ಗ್ರಾಫಿನಲ್ಲಿ ಅರ್ಧದಿಂದ ಒಂದರ ನಡುವಿನ ಇಳಿಜಾರಿನ ಗೆರೆ ಸಿಗುತ್ತದೆ. ಇದರ ಜೊತೆಗೆ ಕ್ಲೋರೈಡ್ ನೋಡುತ್ತೇನೆ. ಬರೀ ನೀರು ಬೆರೆತು ತೆಳುವಾಗಿದ್ದರೆ ನೈಟ್ರೇಟ್ ಜೊತೆ ಕ್ಲೋರೈಡ್ ಕೂಡ ಇಳಿದಿರುತ್ತದೆ. ಬ್ಯಾಕ್ಟೀರಿಯಾ ತಿಂದಿದ್ದರೆ ನೈಟ್ರೇಟ್ ಮಾತ್ರ ಇಳಿದಿರುತ್ತದೆ. ಇಷ್ಟು ಸರಳವಾದ, ಅಗ್ಗದ ಈ ಅಳತೆಯನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ.

ಮಾದರಿ ತೆಗೆಯುವಾಗ ಬಾವಿಯ ಪಕ್ಕದಲ್ಲೇ 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಐಸ್ ಪೆಟ್ಟಿಗೆಯಲ್ಲಿ ತಂದು, ಕೂಡಲೇ ಫ್ರೀಜ್ ಮಾಡುತ್ತೇನೆ. ಕರಗಿದ ಆಮ್ಲಜನಕವನ್ನು ಅಲ್ಲೇ ಅಳೆಯುತ್ತೇನೆ. ಬಾಟಲಿಯಲ್ಲಿ ತುಂಬಿ ತಂದ ಮೇಲೆ ಆ ಅಳತೆಗೆ ಅರ್ಥವಿಲ್ಲ. ಬಾಟಲಿ ಪೂರ್ತಿ ತುಂಬಬಾರದು, ಹೆಪ್ಪುಗಟ್ಟಿದಾಗ ಒಡೆಯುತ್ತದೆ.

ಮುಂದಿನ ಹಂತದಲ್ಲಿ ಬ್ಯಾಕ್ಟೀರಿಯಾಗಳನ್ನೇ ಕೆಲಸಕ್ಕೆ ಹಚ್ಚುತ್ತೇವೆ. ಸ್ಯೂಡೋಮೊನಾಸ್ ಆರಿಯೊಫೇಸಿಯನ್ಸ್ ಅನ್ನುವ ಬ್ಯಾಕ್ಟೀರಿಯಾಗೆ ನೈಟ್ರಸ್ ಆಕ್ಸೈಡನ್ನು ನೈಟ್ರೋಜನ್ ಅನಿಲ ಮಾಡುವ ಕಿಣ್ವ ಇಲ್ಲ. ನೈಟ್ರೇಟ್ ಕೊಟ್ಟರೆ ನೈಟ್ರಸ್ ಆಕ್ಸೈಡ್‌ಗೆ ಬಂದು ನಿಲ್ಲುತ್ತದೆ. ಆ ಅನಿಲವನ್ನು ಮಾಸ್ ಸ್ಪೆಕ್ಟ್ರೋಮೀಟರ್‌ಗೆ, ಅಂದರೆ ಹಗುರ, ಭಾರದ ಕಣಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರಕ್ಕೆ ಬಿಟ್ಟರೆ ನೈಟ್ರೋಜನ್, ಆಮ್ಲಜನಕ ಎರಡರ ಬೆಲೆಯೂ ಒಟ್ಟಿಗೇ ಸಿಗುತ್ತದೆ. ಕೆಲವೇ ನ್ಯಾನೋಮೋಲ್ ನೈಟ್ರೇಟ್ ಇದ್ದರೂ ಸಾಕು. 2001ರಲ್ಲಿ ಸಿಗ್ಮನ್ ಮತ್ತು ಸಂಗಡಿಗರು, ಮರುವರ್ಷ ಕಾಷಿಯೊಟ್ಟಿ ಮತ್ತು ಸಂಗಡಿಗರು ಈ ವಿಧಾನವನ್ನು ರೂಢಿಗೆ ತಂದ ಮೇಲೆ ನಮ್ಮ ಕೆಲಸದ ವೇಗವೇ ಬದಲಾಯಿತು. ನೀರಿನಲ್ಲಿ ನೈಟ್ರೈಟ್ (ನೈಟ್ರೇಟ್‌ಗಿಂತ ಒಂದು ಆಮ್ಲಜನಕ ಕಡಿಮೆ ಇರುವುದು) ಇದ್ದರೆ ಮೊದಲೇ ಸಲ್ಫಾಮಿಕ್ ಆಮ್ಲ ಹಾಕಿ ತೆಗೆಯಬೇಕು, ಇಲ್ಲದಿದ್ದರೆ ಆಮ್ಲಜನಕದ ಬೆಲೆ ಕೆಡುತ್ತದೆ. ಯುಎಸ್‌ಜಿಎಸ್-34, ಯುಎಸ್‌ಜಿಎಸ್-35ರಂತಹ, ಬೆಲೆ ಮೊದಲೇ ಗೊತ್ತಿರುವ ಅಂತರರಾಷ್ಟ್ರೀಯ ಮಾನಕಗಳನ್ನು ಮಾದರಿಗಳ ನಡುನಡುವೆ ಇಟ್ಟು, ಅವುಗಳನ್ನೂ ಅದೇ ಬ್ಯಾಕ್ಟೀರಿಯಾ ಕೈಯಲ್ಲಿ ಹಾಯಿಸುತ್ತೇನೆ. ಮಾದರಿಗೆ ಆದದ್ದೆಲ್ಲ ಮಾನಕಕ್ಕೂ ಆಗಲೇಬೇಕು.

ಹೊಳೆಯ ವಿಷಯ ಬಂದರೆ ಒಂದು ತೊಡಕಿದೆ. ತಳದ ಕೆಸರಿಗೆ ಇಳಿದ ನೈಟ್ರೇಟ್ ಅಲ್ಲೇ ಪೂರ್ತಿ ಖರ್ಚಾದರೆ, ಹಗುರ, ಭಾರ ಅಂತ ಆಯ್ಕೆ ಮಾಡಲು ಬ್ಯಾಕ್ಟೀರಿಯಾಗೆ ಏನೂ ಉಳಿಯುವುದಿಲ್ಲ. ಮೇಲಿನ ನೀರಿನಲ್ಲಿ ಬೆಲೆ ಅಷ್ಟಾಗಿ ಅಲುಗುವುದೇ ಇಲ್ಲ. ಬೆಲೆ ಏರಿಲ್ಲ ಅಂದಮಾತ್ರಕ್ಕೆ ಡಿನೈಟ್ರಿಫಿಕೇಶನ್ ನಡೆದಿಲ್ಲ ಅಂತ ಬರೆಯುವ ಹಾಗಿಲ್ಲ.

ಇನ್ನು ಗುರುತು ಹಾಕುವ ದಾರಿ. ನನಗೆ ತುಂಬಾ ಇಷ್ಟದ ಕೆಲಸ ಇದು. ಮಣ್ಣಿನಲ್ಲಿರುವ ಅಮೋನಿಯಂ ಎಷ್ಟು ಅಂತ ಇವತ್ತೂ ನಾಳೆಯೂ ಅಳೆದರೆ ಎರಡೂ ಸಲ ಒಂದೇ ಸಂಖ್ಯೆ ಬರಬಹುದು. ಒಂದು ಕಡೆಯಿಂದ ನೀರು ಬೀಳುತ್ತಾ, ಇನ್ನೊಂದು ಕಡೆಯಿಂದ ಹರಿದುಹೋಗುತ್ತಾ ಮಟ್ಟ ಮಾತ್ರ ಹಾಗೇ ಇರುವ ತೊಟ್ಟಿಯಂತೆ. ಹರಿವು ಎಷ್ಟಿದೆ ಅಂತ ತಿಳಿಯಬೇಕಾದರೆ ಬಣ್ಣ ಬೆರೆಸಿ, ಅದು ಎಷ್ಟು ಬೇಗ ತೆಳುವಾಗುತ್ತದೆ ಅಂತ ನೋಡಬೇಕು. 1954ರಲ್ಲಿ ಕರ್ಕಮ್ ಮತ್ತು ಬಾರ್ತಲೊಮ್ಯೂ ಇದರ ಸಮೀಕರಣಗಳನ್ನು ಬರೆದುಕೊಟ್ಟಿದ್ದಾರೆ. ಇಲ್ಲಿ ಬಣ್ಣ ಅಂದರೆ ನೈಟ್ರೋಜನ್-15 ಇರುವ ಅಮೋನಿಯಂ. ಸೂಕ್ಷ್ಮಜೀವಿಗಳು ಸಾವಯವ ವಸ್ತುವನ್ನು ಕೊಳೆಸಿ ಗುರುತಿಲ್ಲದ ಅಮೋನಿಯಂ ಬಿಟ್ಟಷ್ಟೂ ಗುರುತು ತೆಳುವಾಗುತ್ತದೆ.

ಕೊಳವೆ ಇಳಿಸಿ ಮಣ್ಣನ್ನು ಅಲುಗಿಸದೆ ತೆಗೆಯುತ್ತೇನೆ. ಬದಿಯಲ್ಲಿ ತೂತಿರುವ ಉದ್ದ ಸೂಜಿಯನ್ನು ತಳದವರೆಗೆ ಚುಚ್ಚಿ, ಮೆಲ್ಲಗೆ ಹಿಂದಕ್ಕೆ ಎಳೆಯುತ್ತಾ ದ್ರಾವಣ ಬಿಡುತ್ತೇನೆ. ಒಂದೇ ಕಡೆ ಸುರಿದರೆ ಗುರುತು ಹರಡುವುದಿಲ್ಲ. ಜಾಸ್ತಿ ಹಾಕಿದರೆ ಅದೇ ಗೊಬ್ಬರವಾಗಿ ಜೀವಿಗಳ ನಡವಳಿಕೆಯೇ ಬದಲಾಗುತ್ತದೆ. ಅರ್ಧ ಕೊಳವೆಗಳನ್ನು ಸ್ವಲ್ಪ ಹೊತ್ತಿಗೇ, ಉಳಿದರ್ಧವನ್ನು 24 ಗಂಟೆ ಬಿಟ್ಟು, 2 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಕಲಕಿ ಸೋಸುತ್ತೇನೆ. ನೈಟ್ರೇಟ್ ಎಷ್ಟು ಹುಟ್ಟುತ್ತಿದೆ ಅಂತ ತಿಳಿಯಲು ಇದನ್ನೇ ಗುರುತಿನ ನೈಟ್ರೇಟ್ ಹಾಕಿ ಮಾಡಬೇಕು. ನೈಟ್ರೇಟ್ ಕಾಣದ ಕಾಡಿನ ಮಣ್ಣಿನಲ್ಲೂ ಅದು ಜೋರಾಗಿ ಹುಟ್ಟಿ, ಅಷ್ಟೇ ಜೋರಾಗಿ ಜೀವಿಗಳ ಹೊಟ್ಟೆ ಸೇರುತ್ತಿರುತ್ತದೆ ಅಂತ 1997ರಲ್ಲಿ ಸ್ಟಾರ್ಕ್ ಮತ್ತು ಹಾರ್ಟ್ ಶಂಕುಮರಗಳ ಕಾಡುಗಳಲ್ಲಿ ತೋರಿಸಿದ್ದು ಈ ವಿಧಾನದಿಂದಲೇ.

ಸೋಸಿದ ದ್ರಾವಣದಿಂದ ನೈಟ್ರೋಜನ್ ಹೊರತೆಗೆಯುವುದು ತಾಳ್ಮೆಯ ಕೆಲಸ. ಆಮ್ಲದಲ್ಲಿ ಅದ್ದಿದ ಪುಟ್ಟ ಫಿಲ್ಟರ್ ಬಿಲ್ಲೆಯನ್ನು, ನಲ್ಲಿ ಜೋಡಿಸುವಾಗ ಸುತ್ತುತ್ತಾರಲ್ಲ, ಆ ಬಿಳಿ ಟೆಫ್ಲಾನ್ ಟೇಪಿನ ಎರಡು ಪದರಗಳ ನಡುವೆ ಇಟ್ಟು, ಸೀಸೆಯ ಬಾಯಿಂದ ಸುತ್ತಲೂ ಒತ್ತಿ ಮುಚ್ಚುತ್ತೇನೆ. ಅನಿಲ ಒಳಗೆ ಹೋಗುತ್ತದೆ, ನೀರು ಹೋಗುವುದಿಲ್ಲ. ಜಾಡಿಗೆ ಮೆಗ್ನೀಸಿಯಂ ಆಕ್ಸೈಡ್ ಹಾಕಿದರೆ ಅಮೋನಿಯಂ ಅಮೋನಿಯವಾಗಿ ಎದ್ದು ಬಿಲ್ಲೆಗೆ ಅಂಟುತ್ತದೆ. ಇದಕ್ಕೆ ದಿನಗಟ್ಟಲೆ ಬೇಕು. ಅವಸರ ಮಾಡಿದರೆ ಹಗುರದ್ದಷ್ಟೇ ಮೊದಲು ಬಂದು ಬೆಲೆ ಓರೆಯಾಗುತ್ತದೆ. ಆಮೇಲೆ ಹೊಸ ಬಿಲ್ಲೆ ಇಟ್ಟು, ತಾಮ್ರ, ಅಲ್ಯೂಮಿನಿಯಂ, ಸತು ಬೆರೆತ ಡಿವಾರ್ಡಾ ಪುಡಿ ಹಾಕಿದರೆ ನೈಟ್ರೇಟ್ ಕೂಡ ಅಮೋನಿಯವಾಗಿ ಬರುತ್ತದೆ.

ಹೊಲದಲ್ಲಿ ಗುರುತಿನ ಗೊಬ್ಬರ ದುಬಾರಿ. ಸುತ್ತ ಅಡ್ಡಗಟ್ಟಿದ ಪುಟ್ಟ ಮಡಿಗೆ ಮಾತ್ರ ಹಾಕಿ, ನಡುವಿನ ಗಿಡಗಳನ್ನಷ್ಟೇ ಕೊಯ್ಯುತ್ತೇನೆ. ಕಾಳು, ಹುಲ್ಲು, ಬೇರು, ಆಳದವರೆಗಿನ ಮಣ್ಣು ಎಲ್ಲದರ ಲೆಕ್ಕ ಕೂಡಿಸಿ, ಸಿಗದೇ ಉಳಿದದ್ದನ್ನು ನಷ್ಟ ಅಂತ ಬರೆಯುತ್ತೇನೆ. ಮಣ್ಣಿನಲ್ಲಿ ಉಳಿದದ್ದನ್ನು ಹಗುರವಾಗಿ ನೋಡಬೇಡಿ. ಫ್ರಾನ್ಸಿನಲ್ಲಿ 1982ರಲ್ಲಿ ಹಾಕಿದ ಗುರುತಿನ ಗೊಬ್ಬರವನ್ನು ಸೆಬಿಲೊ ಮತ್ತು ಸಂಗಡಿಗರು ಮೂರು ದಶಕ ಹಿಂಬಾಲಿಸಿ 2013ರಲ್ಲಿ ಲೆಕ್ಕ ಕೊಟ್ಟರು. ಗಿಡಗಳು ತೆಗೆದುಕೊಂಡದ್ದು ನೂರಕ್ಕೆ 61ರಿಂದ 65. ಇನ್ನೂ 12ರಿಂದ 15 ಮಣ್ಣಿನ ಸಾವಯವ ಭಾಗದಲ್ಲೇ ಕುಳಿತಿತ್ತು. 8ರಿಂದ 12 ನೈಟ್ರೇಟ್ ಆಗಿ ನೀರಿಗೆ ಜಾರಿತ್ತು, ಇನ್ನೂ ಜಾರುತ್ತಲೇ ಇತ್ತು. ಹಾಗಾಗಿ ಅಂತರ್ಜಲದ ವರದಿಯಲ್ಲಿ ಯಾವ ಮೂಲ ಅನ್ನುವುದರ ಜೊತೆಗೆ ನೀರಿನ ವಯಸ್ಸೆಷ್ಟು ಅಂತಲೂ ಇರಲಿ ಅಂತ ಕೇಳುತ್ತೇನೆ. ಅದಕ್ಕೆ ಟ್ರಿಟಿಯಂ, ಅಂದರೆ ವಿಕಿರಣ ಸೂಸುವ ಭಾರದ ಜಲಜನಕದ ಅಳತೆ ನೆರವಾಗುತ್ತದೆ.

ಎರಡೂ ಬಗೆಯ ಕೆಲಸ ಮಾಡುವವರು ಒಂದು ಶಿಸ್ತು ಪಾಲಿಸಲೇಬೇಕು. ಗುರುತಿನ ಗೊಬ್ಬರದಲ್ಲಿ ನೈಟ್ರೋಜನ್-15 ನೂರಕ್ಕೆ 99ರವರೆಗೂ ಇರಬಹುದು. ಅದರ ಒಂದು ಕಣ ತಗುಲಿದರೂ ಸಹಜ ಮಾದರಿ ಹಾಳು. ನಾನು ಗಾಜಿನ ಸಾಮಾನು, ತಕ್ಕಡಿ, ಒಲೆ, ಅರೆಯುವ ಯಂತ್ರ ಎಲ್ಲ ಬೇರೆ ಬೇರೆ ಇಟ್ಟಿದ್ದೇನೆ. ಹೊಲದಲ್ಲೂ ಗುರುತಿಲ್ಲದ ಮಡಿಗಳಿಂದಲೇ ಕೊಯ್ಲು ಶುರು. ಪ್ರಯೋಗಾಲಯಕ್ಕೆ ಕಳಿಸುವಾಗ ಪ್ರತಿ ಪೆಟ್ಟಿಗೆಯ ಮೇಲೂ ಅಂದಾಜು ಎಷ್ಟು ಗುರುತಿದೆ ಅಂತ ದಪ್ಪಕ್ಷರದಲ್ಲಿ ಬರೆದು, ಕಡಿಮೆಯಿಂದ ಹೆಚ್ಚಿನ ಕಡೆಗೆ ಜೋಡಿಸಿ ಕಳಿಸುತ್ತೇನೆ. ಯಂತ್ರದಲ್ಲೂ ಅದೇ ಸಾಲಿನಲ್ಲಿ ಹಾಕಬಹುದು.