ಹೆಬ್ಬೆರಳು ತಾಳ ಹಾಕಬೇಕು: ಜಾನ್ ಹರ್ಟ್ ಹಾಡುಗಳನ್ನು ನಾನು ಕಲಿತದ್ದು

ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್ ಎಂದರೆ ಒರಟು ದನಿ, ಎಲೆಕ್ಟ್ರಿಕ್ ಗಿಟಾರಿನ ಕೂಗು ಎಂದುಕೊಂಡವರಿಗೆ ಮಿಸಿಸಿಪ್ಪಿ ಜಾನ್ ಹರ್ಟ್ ಅವರ ‘ಟುಡೇ!’ ಆಲ್ಬಮ್ ಕೇಳಿಸಿ ನೋಡಿ. "ಇದು ಬ್ಲೂಸಾ?" ಅಂತ ಕೇಳದೇ ಇರುವುದಿಲ್ಲ. ಒಬ್ಬ ವಯಸ್ಸಾದ ಮನುಷ್ಯ, ಒಂದು ಗಿಟಾರ್, ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಹಾಡು. ಅಷ್ಟೇ. ವ್ಯಾನ್‌ಗಾರ್ಡ್ ಕಂಪನಿ 1966ರಲ್ಲಿ ಹೊರತಂದ ಈ ಆಲ್ಬಮ್‌ನಲ್ಲಿ 12 ಹಾಡುಗಳಿವೆ. ಅವುಗಳಲ್ಲಿ ಕೆಲವನ್ನು ಹೇಗೆ ಕಲಿತೆ, ನಾಲ್ಕು ಜನರ ಮುಂದೆ ನುಡಿಸಿದಾಗ ಏನಾಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಮನುಷ್ಯನ ಕತೆ. ಹರ್ಟ್ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಅವಲಾನ್ ಎಂಬ ಸಣ್ಣ ಊರಿನವರು. ಹೊಲದಲ್ಲಿ ದುಡಿದು ಬದುಕಿದವರು. ಗಿಟಾರ್ ತಾವಾಗಿಯೇ ಕಲಿತದ್ದು. 1928ರಲ್ಲಿ ಓಕೆ ರೆಕಾರ್ಡ್ಸ್ ಎಂಬ ಕಂಪನಿ ಅವರನ್ನು ಮೆಂಫಿಸ್‌ಗೆ, ಆಮೇಲೆ ನ್ಯೂಯಾರ್ಕ್‌ಗೆ ಕರೆಸಿ ಹಾಡಿಸಿತು. ಪ್ಲೇಟುಗಳು ಹೆಚ್ಚು ಮಾರಾಟವಾಗಲಿಲ್ಲ. ಆರ್ಥಿಕ ಕುಸಿತ ಬಂತು, ಹರ್ಟ್ ಊರಿನಲ್ಲಿ ಹೊಲದ ಕೆಲಸ ಮಾಡಿಕೊಂಡೇ ಉಳಿದರು. 1952ರಲ್ಲಿ ಹ್ಯಾರಿ ಸ್ಮಿತ್ ಹಳೆಯ ಜನಪದ ಧ್ವನಿಮುದ್ರಣಗಳನ್ನು ಒಟ್ಟು ಮಾಡಿ ಹೊರತಂದಾಗ ಅದರಲ್ಲಿ ಹರ್ಟ್ ಅವರ ಎರಡು ಹಾಡುಗಳಿದ್ದವು. ಹೊಸ ತಲೆಮಾರಿನ ಕಿವಿಗೆ ಅವು ಬಿದ್ದವು, ಆದರೆ ಹಾಡಿದವರು ಎಲ್ಲಿದ್ದಾರೆ ಅಂತ ಯಾರಿಗೂ ಗೊತ್ತಿರಲಿಲ್ಲ. 1928ರ ಒಂದು ಹಾಡಿನಲ್ಲಿ ಅವಲಾನ್ ನನ್ನ ಊರು ಅಂತ ಅವರೇ ಹೇಳಿಕೊಂಡಿದ್ದರು. ಆ ಸುಳಿವು ಹಿಡಿದು ಟಾಮ್ ಹಾಸ್ಕಿನ್ಸ್ ಎಂಬಾತ 1963ರಲ್ಲಿ ಅಲ್ಲಿಗೆ ಹೋದ. ಎಪ್ಪತ್ತರ ಆಸುಪಾಸಿನ ಹರ್ಟ್ ಅಲ್ಲೇ ಇದ್ದರು! ಅದೇ ವರ್ಷ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಹಾಡಿದರು. ಜನ ಹುಚ್ಚೆದ್ದು ಮೆಚ್ಚಿದರು. ಮೂವತ್ತೈದು ವರ್ಷದ ಹಿಂದೆ ಯಾರೂ ಕೊಳ್ಳದಿದ್ದ ಅದೇ ಹಾಡು, ಅದೇ ಬೆರಳು.

ಈಗ ನುಡಿಸುವ ವಿಷಯ. ಈ ಹಾಡುಗಳು ಕೇಳಲು ಬಲು ಸುಲಭ. ಸಿ, ಎಫ್, ಜಿ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಗೊತ್ತಿದ್ದರೆ ಎಡಗೈಗೆ ದೊಡ್ಡ ಕಷ್ಟವೂ ಇಲ್ಲ. ಕಷ್ಟ ಇರುವುದೆಲ್ಲ ಬಲಗೈ ಹೆಬ್ಬೆರಳಲ್ಲಿ. ಅದು ಕೆಳಸ್ವರದ ಎರಡು ತಂತಿಗಳ ನಡುವೆ ಹೋಗುತ್ತಾ ಬರುತ್ತಾ ಇರಬೇಕು. ಸಿ ಕಾರ್ಡ್‌ನಲ್ಲಿ ಐದನೇ ತಂತಿ, ನಾಲ್ಕನೇ ತಂತಿ, ಮತ್ತೆ ಐದು, ಮತ್ತೆ ನಾಲ್ಕು. ನಿಲ್ಲುವ ಹಾಗಿಲ್ಲ, ಓಡುವ ಹಾಗೂ ಇಲ್ಲ. ಅದರ ಮೇಲೆ ತೋರುಬೆರಳು, ನಡುಬೆರಳು ಹಾಡಿನ ಧಾಟಿಯನ್ನು ನುಡಿಸುತ್ತವೆ, ಅದೂ ಹಲವು ಕಡೆ ಬಡಿತದ ಮಧ್ಯದಲ್ಲಿ.

ಚಿಕ್ಕಂದಿನಲ್ಲಿ ಕಲಿತ ಕರ್ನಾಟಕ ಸಂಗೀತದ ಪಾಠ ಇಲ್ಲಿ ಕೈಹಿಡಿಯಿತು. ಸರಳೆ ವರಸೆ ಹಾಡುವಾಗ ತೊಡೆಯ ಮೇಲೆ ಕೈ ಆದಿತಾಳ ಹಾಕುತ್ತಲೇ ಇರುತ್ತದೆ, ಬಾಯಿ ತನ್ನ ಪಾಡಿಗೆ ಎರಡನೇ ಕಾಲ, ಮೂರನೇ ಕಾಲಕ್ಕೆ ಹೋಗುತ್ತದೆ, ಅಲ್ವಾ? ಹೆಬ್ಬೆರಳು ಆ ತಾಳ ಹಾಕುವ ಕೈ. ಹೀಗೆ ಅಂದುಕೊಂಡ ಮೇಲೆ ಅಭ್ಯಾಸದ ದಾರಿ ತಾನಾಗಿ ತೆರೆಯಿತು. ಕೆಲವು ವಾರ ಬೇರೆ ಬೆರಳುಗಳಿಗೆ ಕೆಲಸವನ್ನೇ ಕೊಡಲಿಲ್ಲ. ಸುಮ್ನೆ ಹೆಬ್ಬೆರಳು ಮಾತ್ರ. ಬಡಿತ ಎಣಿಸುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಸಿ ಇಂದ ಎಫ್, ಎಫ್ ಇಂದ ಜಿ. ಎಫ್‌ಗೆ ಪೂರ್ತಿ ಬಾರ್ ಹಿಡಿಯುವ (ತೋರುಬೆರಳನ್ನು ಅಡ್ಡ ಇಟ್ಟು ಎಲ್ಲ ತಂತಿ ಒತ್ತುವ) ಬದಲು ಎಡಗೈ ಹೆಬ್ಬೆರಳನ್ನು ಮೇಲಿನಿಂದ ತಂದು ಆರನೇ ತಂತಿ ಒತ್ತುತ್ತೇನೆ. ಆಗ ಉಳಿದ ಬೆರಳುಗಳಿಗೆ ಧಾಟಿ ನುಡಿಸಲು ಬಿಡುವು ಸಿಗುತ್ತದೆ.

ಪರೀಕ್ಷೆಗೆ ಒಂದು ಉಪಾಯ ಇದೆ. ಹೆಬ್ಬೆರಳು ನಡೆಸುತ್ತಲೇ ಮನೆಯವರ ಜೊತೆ ಮಾತಾಡುವುದು. ರಾತ್ರಿ ಊಟಕ್ಕೆ ಏನು, ಗ್ಯಾಸ್ ಬುಕ್ ಮಾಡಿದ್ದೀಯಾ, ಇಂಥದ್ದೇ. ಉತ್ತರ ಕೊಡುವಾಗ ಬಡಿತ ತಪ್ಪಿದರೆ ಇನ್ನೂ ಕಲಿತಿಲ್ಲ ಅಂತ ಲೆಕ್ಕ. ಇದು ನಾನು ಹುಟ್ಟುಹಾಕಿದ್ದೇನಲ್ಲ. ‘ಟುಡೇ!’ ಆಲ್ಬಮ್‌ನಲ್ಲೇ ಹರ್ಟ್ ಗಿಟಾರ್ ನುಡಿಸುತ್ತಾ ಆರಾಮಾಗಿ ಮಾತಾಡುತ್ತಾರೆ. ‘ಕಾಫಿ ಬ್ಲೂಸ್’ ಹಾಡಿನ ಶುರುವಿನಲ್ಲಿ ಕಾಫಿ ಬಗ್ಗೆ ಒಂದು ಹರಟೆಯೇ ಇದೆ. ಲವಿನ್ ಸ್ಪೂನ್‌ಫುಲ್ ಎಂಬ ಅಮೆರಿಕದ ಬ್ಯಾಂಡಿಗೆ ಹೆಸರು ಸಿಕ್ಕಿದ್ದೂ ಈ ಹಾಡಿನಿಂದ. ಜನಪದ ಗಾಯಕ ಪೀಟ್ ಸೀಗರ್ ನಡೆಸುತ್ತಿದ್ದ ಟಿವಿ ಕಾರ್ಯಕ್ರಮದಲ್ಲಿ ಹರ್ಟ್ ನುಡಿಸಿದ್ದು ವಿಡಿಯೊದಲ್ಲಿದೆ. ಕಲಿಯುವವರು ಅವರ ಬಲಗೈ ನೋಡಲೇಬೇಕು.

ಧಾಟಿ ಹುಡುಕಲು ನಾನು ಟ್ಯಾಬ್ (ಯಾವ ತಂತಿ ಎಲ್ಲಿ ಒತ್ತಬೇಕು ಅಂತ ಬರೆದ ಹಾಳೆ) ಬಳಸುವುದು ಕಡಿಮೆ. ಹಾಡನ್ನು ಬಾಯಲ್ಲಿ ಗುನುಗಿ, ಕಾರ್ಡ್ ಹಿಡಿದುಕೊಂಡೇ ಮೇಲುಸ್ವರದ ಮೂರು ತಂತಿಗಳಲ್ಲಿ ಆ ಸ್ವರಗಳನ್ನು ಹುಡುಕುತ್ತೇನೆ. ಬಹುಪಾಲು ಕಾರ್ಡ್ ಒಳಗೇ ಸಿಗುತ್ತವೆ. ಇಲ್ಲದಿದ್ದರೆ ಕಿರುಬೆರಳು ಒಂದೆರಡು ಮನೆ (ಫ್ರೆಟ್) ಆಚೆ ಹೋಗಿ ಬರುತ್ತದೆ. ಹಾಡುವುದು ಮಾತ್ರ ಕೊನೆಗೆ. ಹರ್ಟ್ ದನಿ ಏರಿಸುವುದೇ ಇಲ್ಲ. ಅವರ ಹಾಗೆ ಹಾಡಲು ಹೋದರೆ ನಾಟಕ ಆಗುತ್ತದೆ. ನನ್ನ ಮಾತಿನ ದನಿಯಲ್ಲೇ, ಶ್ರುತಿ ಏರಿಸಲು ಗಿಟಾರಿನ ಕತ್ತಿಗೆ ಕ್ಯಾಪೊ ಎಂಬ ಕ್ಲಿಪ್ ಹಾಕಿಕೊಂಡು ಹಾಡುತ್ತೇನೆ.

ಬೆಂಗಳೂರಿನಲ್ಲಿ ಗೆಳೆಯರ ಮನೆಗಳಲ್ಲಿ, ಒಂದೆರಡು ಸಣ್ಣ ಕೆಫೆಗಳಲ್ಲಿ ನುಡಿಸಿದ್ದೇನೆ. ಗದ್ದಲ ಇದ್ದರೆ ಈ ಸಂಗೀತ ಮುಳುಗಿಹೋಗುತ್ತದೆ. ಕೇಳಿದವರು "ಸ್ವೀಟ್ ಆಗಿದೆ" ಎನ್ನುತ್ತಾರೆ. ‘ಲೂಯಿಸ್ ಕಾಲಿನ್ಸ್’ ಹಾಡಿದಾಗಲೂ ಅದನ್ನೇ ಹೇಳುತ್ತಾರೆ, ನನಗೆ ನಗು ಬರುತ್ತದೆ. ಅದು ಗುಂಡೇಟಿಗೆ ಸತ್ತವನ ಹಾಡು. ತಾಯಿ ಅಳುತ್ತಾಳೆ, ದೇವತೆಗಳು ಅವನನ್ನು ಮಣ್ಣಿಗಿಡುತ್ತಾರೆ, ಧಾಟಿ ಮಾತ್ರ ಜೋಗುಳದ್ದು. ಈಗ ನಾನು ಹಾಡುವ ಮುಂಚೆ ಕತೆಯನ್ನು ಕನ್ನಡದಲ್ಲಿ ಎರಡು ಸಾಲು ಹೇಳುತ್ತೇನೆ. ಆಮೇಲೆ ಯಾರೂ ಸ್ವೀಟ್ ಅನ್ನುವುದಿಲ್ಲ.

"ಬ್ಲೂಸಾ?" ಎಂಬ ಪ್ರಶ್ನೆಯೂ ಸುಳ್ಳಲ್ಲ. 1964ರಲ್ಲಿ ಮತ್ತೆ ಬೆಳಕಿಗೆ ಬಂದ ಬ್ಲೂಸ್ ಗಾಯಕರಾದ ಸನ್ ಹೌಸ್, ಸ್ಕಿಪ್ ಜೇಮ್ಸ್ ಪಕ್ಕದಲ್ಲಿ ಹರ್ಟ್ ತಣ್ಣಗೆ ಕಾಣುತ್ತಾರೆ. ಅವರ ಚೀಲದಲ್ಲಿ ಬ್ಲೂಸ್ ಒಂದೇ ಇಲ್ಲ. ಚರ್ಚಿನ ಹಾಡಿದೆ, ಕೊಲೆಯ ಲಾವಣಿ ಇದೆ, ಪೋಲಿ ಹಾಡೂ ಇದೆ. ‘ಕ್ಯಾಂಡಿ ಮ್ಯಾನ್’ ಮಕ್ಕಳ ಹಾಡು ಅಂತ ಮನೆಯಲ್ಲಿ ನುಡಿಸುವವರು ಸಾಹಿತ್ಯವನ್ನು ಒಮ್ಮೆ ಓದಿಕೊಳ್ಳಿ! ನನ್ನ ಮಟ್ಟಿಗೆ ಈ ಬೆರಕೆಯೇ ಆಲ್ಬಮ್‌ನ ಜೀವ. ಬರೀ ನೋವು ಹುಡುಕಿ ಬ್ಲೂಸ್‌ಗೆ ಬರುವವರ ಬಗ್ಗೆ ನನಗೆ ಸ್ವಲ್ಪ ಅನುಮಾನ.

ಹರ್ಟ್ 1966ರ ನವೆಂಬರ್‌ನಲ್ಲಿ ತೀರಿಕೊಂಡರು. ಜನರ ಮುಂದೆ ಮತ್ತೆ ಹಾಡಿದ್ದು ಮೂರು ವರ್ಷ ಚಿಲ್ಲರೆ ಅಷ್ಟೇ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತಾನು ಕಾಪಾಡಬೇಕಾದ ಧ್ವನಿಮುದ್ರಣಗಳ 2009ರ ಪಟ್ಟಿಗೆ ‘ಟುಡೇ!’ ಸೇರಿಸಿತು.

ಹೊಸದಾಗಿ ಶುರು ಮಾಡುವವರು ‘ಲೂಯಿಸ್ ಕಾಲಿನ್ಸ್’ ಇಂದಲೇ ಶುರು ಮಾಡಿ. ಸಿ ಕಾರ್ಡ್ ಆಕಾರದಲ್ಲಿ, ನಿಧಾನ ಗತಿಯಲ್ಲಿ ಕೂರುತ್ತದೆ. ತಂತಿ ಲೈಟ್ ಗೇಜ್ (ತೆಳುವಾದದ್ದು) ಇರಲಿ, ಪಿಕ್ ಬೇಡ. ‘ಟಾಕಿಂಗ್ ಕೇಸಿ’ಗೆ ತಂತಿಯ ಮೇಲೆ ಜಾರಿಸುವ ಸ್ಲೈಡ್ ಬೇಕು, ಅದನ್ನು ನಾನಿನ್ನೂ ಮುಟ್ಟಿಲ್ಲ.